ಲಡಿಗೆ ಬಣ್ಣ ಹತ್ತುವ ಬಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ನೂಲು ಮತ್ತು ಬಟ್ಟೆಗೆ ಬಣ್ಣ ಹಾಕುವ ಕೆಲಸದ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಕೇಳಿದ್ದೆವು. ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ನೇಕಾರರ ಮನೆಗಳಿಂದಲೇ ಬಂದಿವೆ. ಒಂದೇ ತೊಂದರೆಯನ್ನು ಹಲವರು ಬರೆದಿದ್ದಲ್ಲಿ ಒಂದು ಪತ್ರವನ್ನು ಮಾತ್ರ ಆರಿಸಿಕೊಂಡು, ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಕೈಮಗ್ಗಗಳಿವೆ. ಬಣ್ಣದ ಕೂಲಿ ಹೆಚ್ಚಾದ್ದರಿಂದ, ತಣ್ಣೀರಿನಲ್ಲಿ ಹಾಕುವ ರಿಯಾಕ್ಟಿವ್ ಬಣ್ಣವನ್ನು ಅಂಗಡಿಯಿಂದ ತಂದು ಹತ್ತಿಯ ಲಡಿಗಳಿಗೆ (ಸುತ್ತಿ ಕಟ್ಟಿದ ನೂಲಿನ ಕಟ್ಟುಗಳಿಗೆ) ನಾವೇ ಹಾಕತೊಡಗಿದ್ದೇವೆ. ಲಡಿಯಲ್ಲಿ ಅಲ್ಲಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ಒಂದು ಮಗ್ಗುಲು ದಟ್ಟ, ಇನ್ನೊಂದು ಮಗ್ಗುಲು ತಿಳಿ ಆಗುತ್ತದೆ. ಅದೇ ಅಳತೆಯಲ್ಲಿ ಎರಡನೆಯ ಸಲ ಹಾಕಿದರೆ ಛಾಯೆ ಬೇರೆಯೇ ಬರುತ್ತದೆ. ಬಣ್ಣವೇ ಕೆಟ್ಟದ್ದೋ, ನಮ್ಮ ಕೆಲಸದಲ್ಲಿ ದೋಷವಿದೆಯೋ ತಿಳಿಸಿ.
— ನೇಕಾರರು, ಬನಹಟ್ಟಿ

ಉತ್ತರ: ಬಣ್ಣವನ್ನು ದೂರುವ ಮೊದಲು ನೂಲನ್ನು ನೋಡಬೇಕು. ಗಿರಣಿಯಿಂದ ಬರುವ ಕೋರಾ ನೂಲಿನ ಮೇಲೆ ಹತ್ತಿಯ ಸಹಜವಾದ ಮೇಣವೂ ಪೆಕ್ಟಿನ್ನೂ ಇರುತ್ತವೆ. ಇವು ನೀರನ್ನು ಎಳೆಯೊಳಗೆ ಬಿಡುವುದಿಲ್ಲ, ನೀರು ಹೋಗದ ಕಡೆ ಬಣ್ಣವೂ ಹೋಗುವುದಿಲ್ಲ. ಒಂದು ಒಣ ಲಡಿಯನ್ನು ಬಕೆಟ್ಟಿನ ನೀರಿನ ಮೇಲೆ ಸುಮ್ಮನೆ ಬಿಟ್ಟು ನೋಡಿ. ಚೆನ್ನಾಗಿ ಕುದಿಸಿ ತೊಳೆದ ನೂಲಾದರೆ ಕೆಲವೇ ಕ್ಷಣಗಳಲ್ಲಿ ನೆನೆದು ಮುಳುಗುತ್ತದೆ. ಕೋರಾ ನೂಲು ಎಳೆಗಳ ನಡುವೆ ಗಾಳಿಯ ಗುಳ್ಳೆಗಳನ್ನು ಹಿಡಿದುಕೊಂಡು ಬಹಳ ಹೊತ್ತು ತೇಲುತ್ತಲೇ ಇರುತ್ತದೆ. ನಿಮ್ಮ ನೂಲು ತೇಲಿದರೆ ಬಿಳಿ ಮಚ್ಚೆಯ ಕಾರಣ ಅರ್ಧಕ್ಕಿಂತ ಹೆಚ್ಚು ಅಲ್ಲೇ ಸಿಕ್ಕಿತೆಂದು ತಿಳಿಯಿರಿ. ಪರಿಹಾರವೆಂದರೆ, ಪ್ರತಿ ಲೀಟರ್ ನೀರಿಗೆ 3ರಿಂದ 5 ಗ್ರಾಂ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್ ಪುಡಿ) ಮತ್ತು 1 ಗ್ರಾಂನಷ್ಟು ಬಟ್ಟೆ ತೊಳೆಯುವ ಡಿಟರ್ಜಂಟ್ ಹಾಕಿ, ನೂಲು ಪೂರ್ತಿ ಮುಳುಗುವಂತೆ ಒಂದರಿಂದ ಎರಡು ತಾಸು ಕುದಿಸುವುದು, ಆಮೇಲೆ ಬಿಸಿನೀರಿನಲ್ಲಿ ಮೊದಲು ಜಾಲಿಸಿ ತಣ್ಣೀರಿನಲ್ಲಿ ಮತ್ತೆ ಜಾಲಿಸುವುದು. ಕುದಿಸಿದ ನೀರು ಚಹದ ಬಣ್ಣಕ್ಕೆ ತಿರುಗಿದ್ದನ್ನು ಕಂಡಾಗ ನೂಲಿನಲ್ಲಿ ಎಷ್ಟು ಹೊಲಸಿತ್ತೆಂಬುದು ತಾನಾಗಿ ತಿಳಿಯುತ್ತದೆ.

ಎರಡನೆಯ ಕಾರಣ ಲಡಿಯ ಕಟ್ಟು. ಎಳೆಗಳು ಸಿಕ್ಕಾಗದಿರಲೆಂದು ಲಡಿಯನ್ನು ಅಡ್ಡ ದಾರದಿಂದ ಕಟ್ಟಿರುತ್ತಾರಲ್ಲ, ಆ ದಾರ ಬಿಗಿಯಾಗಿದ್ದರೆ ಅದರ ಕೆಳಗೆ ಬಣ್ಣ ಇಳಿಯದೆ ಒಂದೇ ಅಳತೆಯ ಬಿಳಿ ಪಟ್ಟಿಗಳು ಉಳಿಯುತ್ತವೆ. ಮಚ್ಚೆಗಳು ಲಡಿಯ ಸುತ್ತ ಸಮ ಅಂತರದಲ್ಲಿ ಕಂಡರೆ ಇದೇ ಕಾರಣ. ಕಟ್ಟನ್ನು ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲ ಬಿಡಬೇಕು. ಬಣ್ಣಕ್ಕೆ ಇಳಿಸುವ ಮೊದಲು ಲಡಿಗಳನ್ನು ಶುದ್ಧ ನೀರಿನಲ್ಲಿ ಅರ್ಧ ತಾಸು ನೆನೆಸಿ, ಹಿಂಡಿ, ಎಲ್ಲ ಲಡಿಗಳನ್ನೂ ಒಂದೇ ಸಮಯಕ್ಕೆ ಇಳಿಸಬೇಕು. ಒಂದೊಂದಾಗಿ ಇಳಿಸಿದರೆ ಮೊದಲು ಇಳಿದ ಲಡಿ ಹೆಚ್ಚು ಬಣ್ಣ ಕುಡಿಯುತ್ತದೆ.

ಇನ್ನು ಅಳತೆ. ಎರಡು ಕಿಲೋ ಒಣ ನೂಲಿಗೆ 40 ಲೀಟರ್ ನೀರು, ಅಂದರೆ ನೂಲಿನ 20 ಪಟ್ಟು, ಕೈಯಿಂದ ತಿರುಗಿಸುವ ಕೆಲಸಕ್ಕೆ ಸರಿಯಾದೀತು. ನಡುಛಾಯೆಗೆ ನೂಲಿನ ತೂಕದ ನೂರಕ್ಕೆ 3ರಷ್ಟು, ಅಂದರೆ 60 ಗ್ರಾಂ ಬಣ್ಣವನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಹೆಚ್ಚು ನೀರು ಬೆರೆಸಿ, ತೆಳುವಾದ ಬಟ್ಟೆಯಲ್ಲಿ ಸೋಸಿ ಹಂಡೆಗೆ ಹಾಕಿರಿ. ಕರಗದ ಪುಡಿ ನೂಲಿಗೆ ತಾಗಿದಲ್ಲಿ ಕಡುಚುಕ್ಕೆ ಬೀಳುತ್ತದೆ, ಅದು ಯಾವ ತೊಳೆತಕ್ಕೂ ಹೋಗುವುದಿಲ್ಲ. ನೂಲು ಇಳಿಸಿ ಹತ್ತು ನಿಮಿಷ ತಿರುಗಿಸಿದ ಮೇಲೆ ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ 2 ಕಿಲೋ ಉಪ್ಪನ್ನು ಎರಡು ಮೂರು ಕಂತುಗಳಲ್ಲಿ, ಪ್ರತಿ ಸಲವೂ ಲಡಿಗಳನ್ನು ಮೇಲೆತ್ತಿ ಹಿಡಿದು, ನೀರಿನಲ್ಲಿ ಪೂರ್ತಿ ಕರಗಿಸಿ ಸೇರಿಸಬೇಕು. ಅರ್ಧ ತಾಸಿನ ನಂತರ ಲೀಟರಿಗೆ 15 ಗ್ರಾಂ ಲೆಕ್ಕದಲ್ಲಿ 600 ಗ್ರಾಂ ಸೋಡಾ ಆಶ್ ಅನ್ನು ಹಾಗೆಯೇ ಕರಗಿಸಿ ಸೇರಿಸಿ, ಮತ್ತೆ ಒಂದು ತಾಸು ಬಿಡದೆ ತಿರುಗಿಸಬೇಕು.

ಉಪ್ಪಿನ ಕೆಲಸ ಬೇರೆ, ಸೋಡಾದ ಕೆಲಸ ಬೇರೆ. ನೀರಿನಲ್ಲಿ ನೆನೆದ ಹತ್ತಿಗೂ ಕರಗಿದ ಬಣ್ಣಕ್ಕೂ ಒಂದೇ ಬಗೆಯ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ತಳ್ಳಾಟವನ್ನು ತಗ್ಗಿಸಿ ಬಣ್ಣವನ್ನು ಎಳೆಯ ಹತ್ತಿರಕ್ಕೆ ತರುತ್ತದೆ. ಹತ್ತಿರ ಬಂದ ಬಣ್ಣವನ್ನು ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆಯುವುದು ಸೋಡಾದ ಕ್ಷಾರ. ಹಾಗಾಗಿ ಎರಡನ್ನೂ ಒಟ್ಟಿಗೆ ಸುರಿದರೆ, ಬಣ್ಣ ಎಳೆಯ ತುಂಬ ಸಮನಾಗಿ ಹರಡುವ ಮೊದಲೇ ಸಿಕ್ಕಸಿಕ್ಕಲ್ಲಿ ಕಟ್ಟಿಕೊಂಡು ಬಿಡುತ್ತದೆ. ನೀವು ಬರೆದ ದಟ್ಟ ಮಗ್ಗುಲು, ತಿಳಿ ಮಗ್ಗುಲಿನ ತೊಂದರೆ ಹೆಚ್ಚಾಗಿ ಹುಟ್ಟುವುದು ಇಲ್ಲಿ. ಕೋಲಿಗೆ ನೇತುಹಾಕಿದ ಲಡಿಯ ಮೇಲಿನ ಭಾಗ ನೀರಿನಿಂದ ಹೊರಗೇ ಉಳಿಯುತ್ತದೆ ಎಂಬುದನ್ನೂ ಮರೆಯಬಾರದು. ಮೊದಲ ಕಾಲು ತಾಸಿನಲ್ಲಂತೂ ಕೈ ಬಿಡುವಂತಿಲ್ಲ.

ಸೋಡಾ ಕೊಳ್ಳುವಾಗಲೂ ಎಚ್ಚರ ಬೇಕು. ಹರಳಿನ ರೂಪದ ವಾಷಿಂಗ್ ಸೋಡಾದ ತೂಕದಲ್ಲಿ ಮೂರನೇ ಎರಡು ಭಾಗಕ್ಕೆ ಸಮೀಪ ನೀರೇ ಇರುತ್ತದೆ. 600 ಗ್ರಾಂ ಸೋಡಾ ಆಶ್ ಮಾಡುವ ಕೆಲಸಕ್ಕೆ ಆ ಹರಳು 1,600 ಗ್ರಾಂ ಬೇಕು. ಅಡಿಗೆ ಸೋಡಾದ ಕ್ಷಾರ ತಣ್ಣೀರಿನ ಬಣ್ಣಕ್ಕೆ ಸಾಲುವುದೇ ಇಲ್ಲ. ಉಪ್ಪಿನಲ್ಲಿ ಕೂಡ ಶುದ್ಧ ಮಾಡದ ಹರಳುಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೆರೆತಿರುತ್ತವೆ; ಗ್ಲಾಬರ್ ಉಪ್ಪು (ಸೋಡಿಯಂ ಸಲ್ಫೇಟ್) ಸಿಕ್ಕರೆ ಅದು ಮೇಲು. ಜಿಲ್ಲೆಯ ಬೋರ್‌ವೆಲ್ ನೀರು ಅನೇಕ ಕಡೆ ಗಡಸು. ಆ ನೀರಿಗೆ ಸೋಡಾ ಬಿದ್ದೊಡನೆ ಸುಣ್ಣದಂತಹ ಮಡ್ಡಿ ಹುಟ್ಟಿ ನೂಲಿನ ಮೇಲೆ ಕೂರುತ್ತದೆ, ಬಣ್ಣ ಮಂಕಾಗುತ್ತದೆ. ಲೀಟರಿಗೆ 1 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟನ್ನು ಬಣ್ಣಕ್ಕಿಂತ ಮೊದಲೇ ನೀರಿಗೆ ಹಾಕಿದರೆ ಈ ತೊಂದರೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಮಳೆನೀರು ಹಿಡಿದಿಟ್ಟವರಿಗೆ ಇದರ ಗೊಡವೆಯೇ ಇಲ್ಲ.

ಎರಡನೆಯ ಸಲ ಛಾಯೆ ಬೇರೆ ಬರುವ ಬಗ್ಗೆ: ನೀವು ಲಡಿಗಳನ್ನು ಎಣಿಸಿ ಬಣ್ಣ ಅಳೆಯುತ್ತೀರೆಂದು ನನ್ನ ಅನುಮಾನ. ಹತ್ತಿಯ ಒಂದು ಲಡಿ 840 ಗಜ ಉದ್ದ ಇರುವುದು ನಿಜ. ಆದರೆ 40 ನಂಬರಿನ ಒಂಟಿ ಎಳೆಯ ಲಡಿ ಸುಮಾರು 11 ಗ್ರಾಂ ತೂಗಿದರೆ 80 ನಂಬರಿನದು ಆರು ಗ್ರಾಂ ಕೂಡ ತೂಗುವುದಿಲ್ಲ. ನೂಲನ್ನು ಒಣಗಿದ್ದಾಗಲೇ ತೂಗಬೇಕು, ಎಣಿಸಬಾರದು. ಹವೆಯೂ ಲೆಕ್ಕಕ್ಕೆ ಬರುತ್ತದೆ. ತಣ್ಣೀರಿನ ಬಣ್ಣಗಳು ಚೆನ್ನಾಗಿ ಕಟ್ಟುವುದು 30ರಿಂದ 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ನಮ್ಮ ಬೇಸಿಗೆಗೆ ಅದು ತಾನಾಗಿ ಒದಗುತ್ತದೆ; ಮಾಗಿಯ ನಸುಕಿನಲ್ಲಿ ಅದೇ ಹಂಡೆಗೆ ಒಂದಿಷ್ಟು ಬಿಸಿನೀರು ಬೆರೆಸಬೇಕಾಗುತ್ತದೆ. ಒಂದು ಸೀರೆಯ ಹಾಸಿಗೆ, ಅಂದರೆ ಉದ್ದದ ಎಳೆಗಳಿಗೆ, ಬೇಕಾಗುವ ನೂಲನ್ನೆಲ್ಲ ಒಂದೇ ಹಂಡೆಯಲ್ಲಿ ಮುಗಿಸುವುದು ಎಲ್ಲಕ್ಕಿಂತ ಸುಲಭವಾದ ದಾರಿ. ಸೋಡಾ ಬಿದ್ದ ಮೇಲೆ ಬಣ್ಣವು ನೂಲಿನ ಜೊತೆಗಷ್ಟೇ ಅಲ್ಲದೆ ನೀರಿನ ಜೊತೆಗೂ ಕೂಡಿಕೊಂಡು ಸಾಯುತ್ತಿರುತ್ತದೆ. ಉಳಿದ ನೀರು ನೋಡಲು ಎಷ್ಟೇ ಕಡುಬಣ್ಣವಾಗಿ ಕಂಡರೂ ನಾಳೆಗೆಂದು ಎತ್ತಿಡುವುದರಿಂದ ಉಪಯೋಗವಿಲ್ಲ.

ಹೀಗೆ ಸತ್ತ ಬಣ್ಣ ನೂಲಿನ ಮೇಲೂ ಕೂತಿರುತ್ತದೆ. ಬಣ್ಣ ಬಿಡುತ್ತದೆಂಬ ಗಿರಾಕಿಯ ದೂರಿಗೆ ಮೂಲ ಇದೇ. ಆದ್ದರಿಂದ ತಣ್ಣೀರಿನಲ್ಲಿ ಎರಡು ಸಲ, ಬಿಸಿನೀರಿನಲ್ಲಿ ಒಂದು ಸಲ ಜಾಲಿಸಿ ಉಪ್ಪು ಸೋಡಾಗಳನ್ನು ಕಳೆದು, ಆಮೇಲೆ ಲೀಟರಿಗೆ 2 ಗ್ರಾಂ ಡಿಟರ್ಜಂಟ್ ಹಾಕಿದ ಕುದಿನೀರಿನಲ್ಲಿ ಕಾಲು ತಾಸು ಬಿಟ್ಟು, ಜಾಲಿಸಿದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಸೌದೆ ಉಳಿಸಲು ಹೆಚ್ಚಿನವರು ಬಿಡುವುದು ಈ ಕುದಿತವನ್ನೇ. ಬಣ್ಣ ಹಾಕುವ ಒಟ್ಟು ಕೆಲಸದಲ್ಲಿ ಹಂಡೆಯ ಪಾಲು ಮೂರನೇ ಒಂದು. ಮುಂಚಿನ ಕುದಿಸುವಿಕೆಗೂ ನಂತರದ ತೊಳೆತಕ್ಕೂ ಉಳಿದ ಎರಡು ಪಾಲು ಸಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಣಹಾಕುವುದು ನೆರಳಿನಲ್ಲಿ, ಆಗಾಗ ಮಗ್ಗುಲು ಬದಲಿಸುತ್ತ.

ಕೊನೆಗೆ ಕೆಲವು ಎಚ್ಚರಿಕೆಗಳು. ರಿಯಾಕ್ಟಿವ್ ಬಣ್ಣದ ಪುಡಿ ಉಸಿರಿನಲ್ಲಿ ಹೋದರೆ ಕೆಲವರಿಗೆ ಉಬ್ಬಸದ ತೊಂದರೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಮೂಗು ಬಾಯಿ ಮುಚ್ಚಿಕೊಂಡು, ಫ್ಯಾನ್ ಆರಿಸಿ, ಮಕ್ಕಳನ್ನು ದೂರವಿಟ್ಟು ತೂಗಬೇಕು. ಅಡಿಗೆಯ ಪಾತ್ರೆಗಳನ್ನು ಈ ಕೆಲಸಕ್ಕೆ ತರಬಾರದು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುವುದರಿಂದ ಸ್ಟೀಲಿನದೇ ಬೇಕು. ಚೀಟಿಯಿಲ್ಲದ ಬಿಡಿ ಪೊಟ್ಟಣದ ಬಣ್ಣಗಳನ್ನು ಕೊಳ್ಳಬೇಡಿ. ಕ್ಯಾನ್ಸರ್ ತರಬಲ್ಲ ಅಮೈನುಗಳನ್ನು ಬಿಡುಗಡೆ ಮಾಡುವ ಬೆಂಜಿಡೀನ್ ಮತ್ತು ಅಜೋ ಬಣ್ಣಗಳಲ್ಲಿ 112ನ್ನು ಭಾರತ ಸರ್ಕಾರ 1990ರ ದಶಕದಲ್ಲಿ ನಿಷೇಧಿಸಿದೆ. ಹೆಸರಿಲ್ಲದ ಪೊಟ್ಟಣದಲ್ಲಿ ಏನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಸೆರಗಿನ ರೇಷ್ಮೆಯನ್ನೂ ಒಡಲಿನ ಹತ್ತಿಯನ್ನೂ ಒಂದೇ ಹಂಡೆಯಲ್ಲಿ ಹಾಕಿ ಒಂದೇ ಕೆಂಪು ತರಬಹುದೇ?
— ಯುವ ನೇಕಾರರು, ಇಳಕಲ್ಲು

ಉತ್ತರ: ಬೇಡ. ಹತ್ತಿ ಸಸ್ಯದ ನಾರು, ರೇಷ್ಮೆ ಪ್ರಾಣಿಜನ್ಯ ಪ್ರೋಟೀನು. ಹತ್ತಿಗೆ ಬೇಕಾದ ಕ್ಷಾರ ರೇಷ್ಮೆಯ ಹೊಳಪನ್ನೂ ಬಲವನ್ನೂ ಕುಂದಿಸುತ್ತದೆ. ರೇಷ್ಮೆಯನ್ನು ಮೊದಲು ಸೋಪಿನ ನೀರಿನಲ್ಲಿ ಕಾಯಿಸಿ ಅದರ ಅಂಟನ್ನು ತೆಗೆಯಬೇಕು. ಈ ಅಂಟು ತೂಕದ ನಾಲ್ಕನೇ ಒಂದು ಭಾಗದಷ್ಟು ಇರುವುದರಿಂದ, ಅಂಟು ಹೋದ ಮೇಲಿನ ತೂಕವನ್ನೇ ಬಣ್ಣದ ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ಆಸಿಡ್ ಬಣ್ಣವನ್ನು ಅಸಿಟಿಕ್ ಆಮ್ಲದ ಜೊತೆ, ನಿಧಾನವಾಗಿ 85ರಿಂದ 90 ಡಿಗ್ರಿವರೆಗೆ ಕಾಯಿಸುತ್ತ ಹತ್ತಿಸಬೇಕು. ನಿಮ್ಮ ಕಡೆ ಚಮಕಾ ಎನ್ನುವ ಕೃತಕ ರೇಷ್ಮೆ ಹೆಸರಿಗೆ ಮಾತ್ರ ರೇಷ್ಮೆ. ಅದು ಹತ್ತಿಯ ಜಾತಿಯದೇ ಆದ್ದರಿಂದ ಹತ್ತಿಯ ಬಣ್ಣವನ್ನೇ ಕುಡಿಯುತ್ತದೆ, ಆದರೆ ನೆನೆದಾಗ ಬಲ ಕಳೆದುಕೊಳ್ಳುವುದರಿಂದ ಜೋರಾಗಿ ಹಿಂಡಬಾರದು. ಎರಡೂ ಬಗೆಯ ನೂಲುಗಳ ಕೆಂಪು ಒಂದಕ್ಕೊಂದು ಹೊಂದಬೇಕಾದರೆ, ಪ್ರತಿಯೊಂದರ ಒಂದು ಸಣ್ಣ ಎಳೆಕಟ್ಟನ್ನು ಮೊದಲು ಹಾಕಿ ಒಣಗಿಸಿ, ಹಗಲು ಬೆಳಕಿನಲ್ಲಿ ಜೊತೆಗಿಟ್ಟು ನೋಡಬೇಕು. ಹಸಿ ನೂಲಿನ ಛಾಯೆ ಯಾವಾಗಲೂ ಒಣನೂಲಿಗಿಂತ ಗಾಢವಾಗಿ ಕಾಣುತ್ತದೆ.

ಪ್ರಶ್ನೆ: ಮಗಳ ಮದುವೆಗೆ ಕೊಂಡ ಇಳಕಲ್ಲು ಸೀರೆಯನ್ನು ಮೊದಲ ಸಲ ಒಗೆದಾಗ ಸೆರಗಿನ ಕೆಂಪು, ಅಲ್ಲಿಯ ಬಿಳಿ ತೆನಿಗಳಿಗೂ ಒಡಲಿಗೂ ಹತ್ತಿತು. ನೆರೆಮನೆಯವರು ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ವಿನೆಗರ್ ಹಾಕಲು ಹೇಳುತ್ತಾರೆ. ಯಾವುದು ಸರಿ?
— ಗೃಹಿಣಿ, ಶಹಾಪುರ, ಬೆಳಗಾವಿ

ಉತ್ತರ: ಎರಡೂ ಸರಿಯಲ್ಲ ಎಂದು ಹೇಳಲು ಬೇಸರವಾಗುತ್ತದೆ, ಏಕೆಂದರೆ ನಮ್ಮ ಕಡೆ ಹೊಸ ಬಟ್ಟೆಯನ್ನು ಉಪ್ಪು ನೀರಿಗೆ ಹಾಕದ ಮನೆ ಇಲ್ಲ. ಬಣ್ಣ ಹಾಕುವಾಗ ಉಪ್ಪು ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ, ಅಷ್ಟೇ ಅದರ ಕೆಲಸ. ಒಗೆಯುವಾಗ ಉಪ್ಪು ಹಾಕಿದರೆ ಆ ನೀರಿನಲ್ಲಿ ಬಣ್ಣ ಸ್ವಲ್ಪ ಕಡಿಮೆ ಬಿಟ್ಟಂತೆ ಕಾಣುತ್ತದೆ. ಮುಂದಿನ ಸಲ ಬರೀ ನೀರಿಗೆ ಹಾಕಿದಾಗ ಆ ಬಾಕಿಯೆಲ್ಲ ಹೊರಗೆ ಬರುತ್ತದೆ. ವಿನೆಗರಿನ ಆಮ್ಲ ರೇಷ್ಮೆಗೆ ಬಣ್ಣ ಹತ್ತಿಸುವ ಹೊತ್ತಿನಲ್ಲಿ, ಬಿಸಿಯೂ ಇದ್ದಾಗ, ಕೆಲಸ ಮಾಡುತ್ತದೆ. ತಣ್ಣನೆಯ ಬಕೆಟ್ಟಿನಲ್ಲಿ ಹತ್ತಿಯ ಬಣ್ಣವನ್ನು ಅದು ಕಟ್ಟಲಾರದು.

ಇಳಕಲ್ಲು ಸೀರೆಯಲ್ಲಿ ಈ ತೊಂದರೆ ಎದ್ದು ಕಾಣಲು ಅದರ ರಚನೆಯೇ ಕಾರಣ. ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಎರಡನ್ನೂ ಕೊಂಡಿಗಳಿಂದ ಎಳೆಗೆ ಎಳೆ ಕೂಡಿಸಿ ನೇಯುತ್ತಾರೆ. ಕೆಂಪಿನ ಮಗ್ಗುಲಲ್ಲೇ ಬಿಳಿ ಕೂರುವ ಟೋಪ ತೆನಿ ಸೆರಗಿನಲ್ಲಿ ಒಂದು ಲಡಿಯ ತೊಳೆತ ಕಡಿಮೆಯಾಗಿದ್ದರೂ ಅದರ ಫಲ ಮೊದಲ ಒಗೆತಕ್ಕೇ ಹೊರಬೀಳುತ್ತದೆ. ನೇಯ್ಗೆಯ ತಪ್ಪು ಇದರಲ್ಲಿ ಏನೂ ಇಲ್ಲ. ಬಣ್ಣ ಕಚ್ಚಾ ಇರಬಹುದು, ಇಲ್ಲವೇ ಬಣ್ಣ ಪಕ್ಕಾ ಇದ್ದು ಮೇಲೆ ಕೂತ ಹೆಚ್ಚುವರಿಯನ್ನು ಕುದಿಸಿ ತೆಗೆದಿರಲಿಕ್ಕಿಲ್ಲ. ಎರಡನೆಯದಾದರೆ ಒಂದೆರಡು ಒಗೆತದ ನಂತರ ಬಿಡುವುದು ತಾನಾಗಿ ನಿಲ್ಲುತ್ತದೆ.

ಬಣ್ಣ ಹತ್ತಿದ್ದು ಕಂಡೊಡನೆ ಸೀರೆಯನ್ನು ಒಣಗಲು ಬಿಡಬಾರದು, ಮುದ್ದೆ ಮಾಡಿ ಇಡಬಾರದು, ಇಸ್ತ್ರಿಯಂತೂ ಕೂಡದು. ದೊಡ್ಡ ಟಬ್ಬಿನಲ್ಲಿ, ಸೀರೆ ಸಡಿಲವಾಗಿ ಆಡುವಷ್ಟು ಬಹಳ ತಣ್ಣೀರು ತುಂಬಿ, ಸೌಮ್ಯವಾದ ಲಿಕ್ವಿಡ್ ಡಿಟರ್ಜಂಟ್ ಸ್ವಲ್ಪ ಹಾಕಿ, ಉಜ್ಜದೆ ಆಡಿಸುತ್ತ ಇರಿ. ನೀರು ಕೆಂಪಾದಂತೆಲ್ಲ ಬದಲಿಸಿ. ಬಿಟ್ಟ ಬಣ್ಣ ನೀರಿನಲ್ಲಿ ತೆಳುವಾದಷ್ಟೂ ಬಿಳಿಗೆ ಮರಳಿ ಹತ್ತುವುದು ಕಡಿಮೆ. ಚಿಕ್ಕ ಬಕೆಟ್ಟಿನ ಕಡಿಮೆ ನೀರಿನಲ್ಲಿ ನೆನೆಸಿಡುವುದೆಂದರೆ ಬಿಳಿಗೆ ನಾವೇ ಕೆಂಪು ಹಾಕಿದಂತೆ. ನಿಮ್ಮ ಸೀರೆ ಒಣಗಿಹೋಗಿದ್ದರೂ ಈ ಕ್ರಮವನ್ನು ಒಮ್ಮೆ ಮಾಡಿ ನೋಡಿ, ಪೂರ್ತಿ ಹೋಗದಿದ್ದರೂ ಕಲೆ ತಿಳಿಯಾದೀತು. ಬ್ಲೀಚಿಂಗ್ ಪುಡಿಯನ್ನು ಹತ್ತಿರ ಸುಳಿಯಗೊಡಬೇಡಿ, ಅದು ರೇಷ್ಮೆಯನ್ನು ತಿಂದುಹಾಕುತ್ತದೆ. ಬಣ್ಣ ಕಳೆಯುವ ಪುಡಿಯಾದ ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್) ಕಲೆಯನ್ನು ತೆಗೆಯಬಲ್ಲದು, ಜೊತೆಗೆ ಸೆರಗಿನ ಕೆಂಪನ್ನೂ ತೆಗೆಯಬಲ್ಲದು. ಮುಂದೆ ಕೊಳ್ಳುವಾಗ ಅಂಗಡಿಯವರ ಒಪ್ಪಿಗೆ ಪಡೆದು, ಒದ್ದೆ ಬಿಳಿ ಕರವಸ್ತ್ರವನ್ನು ಸೆರಗಿನ ಒಳಮಗ್ಗುಲಿಗೆ ಒತ್ತಿ ಹಿಡಿದು ನೋಡಿ. ಕರವಸ್ತ್ರ ಹೇಳುವಷ್ಟನ್ನು ಚೀಟಿ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಅಜ್ಜ ನೀಲಿಯ ಬಾನಿಯಿಂದ ತೆಗೆದ ನೂಲು ಮೊದಲು ಹಸಿರಾಗಿದ್ದು ಕಣ್ಣೆದುರೇ ನೀಲಿಯಾಗುತ್ತಿತ್ತು ಎನ್ನುತ್ತಿದ್ದರು. ಇದು ನಿಜವೇ? ಹಾಗಿದ್ದರೆ ಕಾರಣವೇನು?
— ನಿವೃತ್ತ ಶಿಕ್ಷಕರು, ಗುಳೇದಗುಡ್ಡ

ಉತ್ತರ: ಅಕ್ಷರಶಃ ನಿಜ. ನೀಲಿಯ ಪುಡಿ ನೀರಿನಲ್ಲಿ ಕರಗುವುದಿಲ್ಲ. ಕರಗದ ಬಣ್ಣ ನೂಲಿನೊಳಗೆ ಹೋಗುವುದಿಲ್ಲ. ಅದಕ್ಕಾಗಿ ಬಾನಿಯಲ್ಲಿ ಅದರ ಆಮ್ಲಜನಕದ ಹಿಡಿತವನ್ನು ಬಿಡಿಸಿ, ಕ್ಷಾರದಲ್ಲಿ ಕರಗುವ ಹಳದಿ ಹಸಿರಿನ ರೂಪಕ್ಕೆ ತರಬೇಕು. ಹಳೆಯ ಕಾಲದಲ್ಲಿ ಈ ಕೆಲಸವನ್ನು ಸುಣ್ಣದ ನೀರಿನಲ್ಲಿ ಬೆಲ್ಲ, ತಗಚಿ ಬೀಜದಂತಹ ಪದಾರ್ಥಗಳನ್ನು ಹುಳಿಯಿಸಿ, ಬಾನಿಯನ್ನು ಬೆಚ್ಚಗಿಟ್ಟು ಮಾಡುತ್ತಿದ್ದರು. ಈಗ ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸ್ ಅರ್ಧ ತಾಸಿನಲ್ಲಿ ಮಾಡುತ್ತವೆ. ಸಿದ್ಧವಾದ ಬಾನಿಯ ಮೇಲೆ ತಾಮ್ರದ ಹೊಳಪಿನ ತೆಳು ಪೊರೆಯೂ ನೀಲಿ ನೊರೆಯೂ ಕಟ್ಟುತ್ತವೆ, ಅವುಗಳನ್ನು ಸರಿಸಿದರೆ ಕೆಳಗಿನ ನೀರು ಹಳದಿ ಹಸಿರಾಗಿರುತ್ತದೆ. ನೆನೆಸಿದ ಲಡಿಯನ್ನು ಗುಳ್ಳೆ ಏಳದಂತೆ ಇಳಿಸಿ, ನೀರಿನೊಳಗೇ ಹಿಂಡಿ ಎತ್ತಿದಾಗ ಎಳೆ ಗಿಳಿಹಸಿರು. ಗಾಳಿ ತಾಗಿದ ಅಂಚಿನಿಂದ ಮೊದಲುಗೊಂಡು ಕೆಲವು ನಿಮಿಷಗಳಲ್ಲಿ ಅದು ನೀಲಿಗೆ ತಿರುಗುತ್ತದೆ. ಗಾಳಿಯ ಆಮ್ಲಜನಕ ಬಣ್ಣವನ್ನು ಮತ್ತೆ ಕರಗದ ರೂಪಕ್ಕೆ ತಂದು ಎಳೆಯೊಳಗೇ ಬಂಧಿಸುತ್ತದೆ.

ಕಡುನೀಲಿ ಬೇಕೆಂದು ಒಂದೇ ಸಲ ಬಹಳ ಹೊತ್ತು ಮುಳುಗಿಸಿಡುವುದು ಸಲ್ಲ. ಕೆಲವೇ ನಿಮಿಷ ಮುಳುಗಿಸಿ, ಗಾಳಿಗೆ ಹಿಡಿದು, ಪೂರ್ತಿ ನೀಲಿಯಾದ ಮೇಲೆ ಮತ್ತೆ ಮುಳುಗಿಸುತ್ತ ಹೋಗಬೇಕು. ಹೀಗೆ ಪದರ ಪದರವಾಗಿ ಕೂರಿಸಿದ ನೀಲಿಯೇ ಕಸೂತಿ ಹಾಕುವ ಚಂದ್ರಕಾಳಿ ಸೀರೆಯಂತಹ ಕಪ್ಪಿನ ಸಮೀಪಕ್ಕೆ ಹೋಗಬಲ್ಲದು. ಅವಸರದಲ್ಲಿ ಹಾಕಿದ ನೀಲಿ ಮೇಲ್ಮೈಯಲ್ಲಷ್ಟೇ ಕೂತು, ಉಜ್ಜಿದಾಗ ಕೈಗೆ ಹತ್ತುತ್ತದೆ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1897ರಲ್ಲಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಗಿಡದ ನೀಲಿಯ ಬೇಸಾಯ ದೇಶದ ತುಂಬ ಕುಸಿಯಿತು; ಬಾನಿಯ ವಿದ್ಯೆ ಮಾತ್ರ ಎರಡಕ್ಕೂ ಒಂದೇ. ಹೈಡ್ರೋಸ್ ಬಳಸುವವರು ಅದರ ಡಬ್ಬಿಗೆ ನೀರಿನ ಹನಿ ಬೀಳದಂತೆ ನೋಡಿಕೊಳ್ಳಬೇಕು, ತೇವವಾದರೆ ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ಕಾಸ್ಟಿಕ್ಕಿನ ಮೇಲೆ ನೀರು ಸುರಿಯಬಾರದು.

ಪ್ರಶ್ನೆ: ನಮ್ಮ ತೋಟದ ದಾಳಿಂಬೆ ಸಿಪ್ಪೆ, ಉಳ್ಳಾಗಡ್ಡಿ ಸಿಪ್ಪೆ, ಬೀಟ್‌ರೂಟ್ ಮತ್ತು ಅರಿಸಿನದಿಂದ ಹತ್ತಿ ದುಪಟ್ಟಾಗಳಿಗೆ ಬಣ್ಣ ಹಾಕಿದೆ. ದಾಳಿಂಬೆ ಸ್ವಲ್ಪ ನಿಂತಿತು, ಉಳಿದವು ಎರಡು ಒಗೆತಕ್ಕೆ ಹೋದವು. ನೈಸರ್ಗಿಕ ಬಣ್ಣ ನಿಲ್ಲುವುದೇ ಇಲ್ಲವೇ?
— ಕಾಲೇಜು ವಿದ್ಯಾರ್ಥಿನಿ, ವಿಜಯಪುರ

ಉತ್ತರ: ನಿಲ್ಲುವ ಬಣ್ಣವೂ ಇದೆ, ನಿಲ್ಲದ ಬಣ್ಣವೂ ಇದೆ, ಎಲ್ಲವನ್ನೂ ನೈಸರ್ಗಿಕ ಎಂಬ ಒಂದೇ ಬುಟ್ಟಿಗೆ ಹಾಕುವುದರಿಂದ ಗೊಂದಲವಾಗುತ್ತದೆ. ಬೀಟ್‌ರೂಟ್ ಅಡಿಗೆಗೆ ಬಣ್ಣ ಕೊಡುತ್ತದೆ, ಬಟ್ಟೆಗೆ ಅದು ಬಣ್ಣವೇ ಅಲ್ಲ. ಅರಿಸಿನ ಯಾವ ಸಹಾಯವೂ ಇಲ್ಲದೆ ಹತ್ತಿಗೆ ಹತ್ತುತ್ತದೆ, ಆದರೆ ಬಿಸಿಲಿಗೆ ಹಾರುತ್ತದೆ, ಸೋಪಿನ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಸಿನ ಸುಣ್ಣ ಕಲಸಿದ ಓಕುಳಿ ನೀರು ಕಂಡವರಿಗೆ ಇದು ಹೊಸದೇನಲ್ಲ.

ದಾಳಿಂಬೆ ಸಿಪ್ಪೆ ನಿಂತದ್ದಕ್ಕೆ ಕಾರಣ ಅದರ ಒಗರು. ಒಗರಿನ ಟ್ಯಾನಿನ್ ಹತ್ತಿಯನ್ನೂ ಹಿಡಿಯುತ್ತದೆ, ಪಟಿಕದ ಲೋಹವನ್ನೂ ಹಿಡಿಯುತ್ತದೆ. ಬರೀ ಪಟಿಕ ಹತ್ತಿಯ ಮೇಲೆ ಸರಿಯಾಗಿ ಕೂರುವುದಿಲ್ಲವಾದ್ದರಿಂದಲೇ ಹಿಂದಿನವರು ಮೊದಲು ಅಳಲೆಕಾಯಿಯ ನೀರು, ಆಮೇಲೆ ಪಟಿಕ, ಕೊನೆಗೆ ಬಣ್ಣ ಎಂಬ ಕ್ರಮ ಇಟ್ಟುಕೊಂಡಿದ್ದರು. ನೀವೂ ಇದನ್ನೇ ಅನುಸರಿಸಿ. ಒಂದು ಕಿಲೋ ತೊಳೆದ ಬಟ್ಟೆಗೆ 150ರಿಂದ 200 ಗ್ರಾಂ ಅಳಲೆಕಾಯಿ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ಹಿಂಡಿ ಒಣಗಿಸಿ. ಮರುದಿನ 150 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಕೆಲವು ತಾಸು ಬಿಟ್ಟು ಒಮ್ಮೆ ಜಾಲಿಸಿ. ಬಟ್ಟೆಯ ತೂಕದಷ್ಟೇ ಒಣಸಿಪ್ಪೆಯನ್ನು ಒಂದು ತಾಸು ಕುದಿಸಿ ಸೋಸಿದ ನೀರಿನಲ್ಲಿ, ಕುದಿಯುವುದಕ್ಕಿಂತ ಸ್ವಲ್ಪ ಕಡಿಮೆ ಬಿಸಿಯಲ್ಲಿ ಒಂದು ತಾಸು ತಿರುಗಿಸಿದರೆ, ಬಂಗಾರಕ್ಕೆ ಹತ್ತಿರದ ಹಳದಿ ಬರುತ್ತದೆ. ಅದನ್ನೇ ಬಟ್ಟೆಯ ತೂಕದ ನೂರಕ್ಕೆ ಒಂದು ಅಥವಾ ಎರಡರಷ್ಟು ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿದ ನೀರಿಗೆ ಹತ್ತು ನಿಮಿಷ ಇಳಿಸಿದರೆ ಬೂದು ಹಸಿರಿಗೆ, ಮುಂದೆ ಕಪ್ಪಿನ ಕಡೆಗೆ ತಿರುಗುತ್ತದೆ. ಅನ್ನಭೇದಿ ಹೆಚ್ಚಾದರೆ ಬಟ್ಟೆ ಕಾಲಕ್ರಮದಲ್ಲಿ ಜೀರ್ಣವಾಗಿ ಹರಿಯುತ್ತದೆ. ಬಣ್ಣ ಗಟ್ಟಿಯಾಗಲೆಂದು ಮೈಲುತುತ್ತ ಬಳಸಲು ಕೆಲವರು ಹೇಳುತ್ತಾರೆ. ಅದು ವಿಷ, ಉಳಿದ ನೀರನ್ನು ಚೆಲ್ಲಲು ಜಾಗವಿರುವುದಿಲ್ಲ, ನೈಸರ್ಗಿಕ ಎಂದು ಮಾರುವ ಬಟ್ಟೆಗೆ ಅದನ್ನು ಹಾಕುವುದರಲ್ಲಿ ಅರ್ಥವೂ ಇಲ್ಲ. ಉಳ್ಳಾಗಡ್ಡಿ ಸಿಪ್ಪೆಗೂ ಪಟಿಕದ ಇದೇ ಕ್ರಮ ನಡೆಯುತ್ತದೆ, ದಾಳಿಂಬೆಯಷ್ಟು ಬಾಳಿಕೆ ಇಲ್ಲ. ಕೆಂಪು ಬೇಕಿದ್ದರೆ ಮಂಜಿಷ್ಠದ ಬೇರನ್ನು ತರಿಸಿಕೊಳ್ಳಿ. ಪಟಿಕದ ಮೇಲೆ ಅದು ಕೊಡುವ ಕೆಂಪು ಬಿಸಿಲಿಗೂ ಒಗೆತಕ್ಕೂ ಚೆನ್ನಾಗಿ ತಡೆಯುತ್ತದೆ.

ಪ್ರಶ್ನೆ: ಮಾಸಿದ ಅಂಗಿಯೊಂದಕ್ಕೆ ಕಪ್ಪು ಬಣ್ಣ ಹಾಕಿದರೆ ಬೂದು ಬಂತು, ಹೊಲಿಗೆಯ ದಾರ ಬಿಳಿಯಾಗಿಯೇ ಉಳಿಯಿತು. ಏಕೆ?
— ದರ್ಜಿ, ಅಥಣಿ

ಉತ್ತರ: ಬಟ್ಟೆ ಪಾಲಿಯೆಸ್ಟರ್ ಬೆರಕೆಯದು, ದಾರ ಪೂರ್ತಿ ಪಾಲಿಯೆಸ್ಟರಿನದು. ಹತ್ತಿಯ ಪಾಲು ಮಾತ್ರ ಬಣ್ಣ ಕುಡಿದಿದೆ. ಪಾಲಿಯೆಸ್ಟರಿಗೆ ಡಿಸ್ಪರ್ಸ್ ಬಣ್ಣ ಬೇಕು, ಅದನ್ನು ಕಾರ್ಖಾನೆಯಲ್ಲಿ ಮುಚ್ಚಿದ ಯಂತ್ರದೊಳಗೆ ಒತ್ತಡದಲ್ಲಿ 130 ಡಿಗ್ರಿವರೆಗೆ ಕಾಯಿಸಿ ಹತ್ತಿಸುತ್ತಾರೆ. ಮನೆಯ ಹಂಡೆಯ ಕೆಲಸ ಅಲ್ಲ. ಮುಂದೆ ಒಳಹೊಲಿಗೆಯಿಂದ ಒಂದೆಳೆ ಕಿತ್ತು ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಪ್ರಶ್ನೆ: ತುಳಸಿಗೇರಿಯಲ್ಲಿ ನೇಯುವ ರಾಷ್ಟ್ರಧ್ವಜದ ಖಾದಿಗೆ ಬಣ್ಣವನ್ನು ನೂಲಿಗೆ ಹಾಕುತ್ತಾರೋ ಬಟ್ಟೆಗೋ?
— ಶಿಕ್ಷಕಿ, ಬಾಗಲಕೋಟೆ

ಉತ್ತರ: ಬಟ್ಟೆಗೆ. ಬಿಳಿಯಾಗಿಯೇ ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಮೂರು ಪಾಲು ಮಾಡಿ ಕೇಸರಿ, ಬಿಳಿ, ಹಸಿರುಗಳಿಗೆ ತಂದು, ಕತ್ತರಿಸಿ ಹೊಲಿದು, ಬಿಳಿಯ ಎರಡೂ ಮಗ್ಗುಲಿಗೆ ಚಕ್ರವನ್ನು ಅಚ್ಚು ಹಾಕುತ್ತಾರೆ. 1951ರಲ್ಲಿ ರೂಪಿಸಿ 1968ರಲ್ಲಿ ಪರಿಷ್ಕರಿಸಿದ ಧ್ವಜದ ಭಾರತೀಯ ಮಾನಕದಲ್ಲಿ ಎಳೆ, ಅಳತೆಗಳಷ್ಟೇ ಅಲ್ಲದೆ ಬಣ್ಣದ ಛಾಯೆ ಮತ್ತು ಬಾಳಿಕೆಗೂ ನಿಯಮಗಳಿವೆ. ಪೂರ್ತಿ ಬಟ್ಟೆ ಒಂದೇ ಬಣ್ಣದ್ದಾದಾಗ ನೇಯ್ದ ಮೇಲೆ ಬಣ್ಣ ಹಾಕುವುದು ಅಗ್ಗವೂ ಸುಲಭವೂ ಹೌದು. ಗುಳೇದಗುಡ್ಡದ ಖಣದಂತೆ ಹಾಸಿಗೊಂದು, ಹೊಕ್ಕಿಗೆ (ಅಡ್ಡ ಎಳೆಗೆ) ಇನ್ನೊಂದು ಬಣ್ಣ ಬೇಕಾದಲ್ಲಿ ನೂಲಿಗೇ ಹಾಕದೆ ಗತ್ಯಂತರವಿಲ್ಲ.

ಪ್ರಶ್ನೆ: ನಮ್ಮ ಹೊಲದ ಪಕ್ಕದ ಮನೆಯವರು ಬಣ್ಣದ ನೀರನ್ನು ಕಾಲುವೆಗೆ ಬಿಡುತ್ತಾರೆ. ಬಣ್ಣ ಕಾಣದಂತೆ ಸುಣ್ಣ, ಪಟಿಕ ಹಾಕಿ ತಿಳಿಗೊಳಿಸಿದ್ದೇವೆ, ಇನ್ನು ತೊಂದರೆಯಿಲ್ಲ ಎನ್ನುತ್ತಾರೆ. ಎರೆ ಹೊಲಕ್ಕೆ ಆ ನೀರು ಆದೀತೇ?
— ರೈತರು, ಮುಧೋಳ ತಾಲ್ಲೂಕು

ಉತ್ತರ: ಆಗದು. ಕಣ್ಣಿಗೆ ಕಾಣುವ ಬಣ್ಣಕ್ಕಿಂತ ಕಾಣದ ಉಪ್ಪು ನಿಮ್ಮ ಹೊಲಕ್ಕೆ ದೊಡ್ಡ ಶತ್ರು. ಮೊದಲನೆಯ ಉತ್ತರದಲ್ಲಿ ಹೇಳಿದ 2 ಕಿಲೋ ಉಪ್ಪಿನಲ್ಲಿ ಒಂದು ಗ್ರಾಂ ಕೂಡ ನೂಲಿನಲ್ಲಿ ಉಳಿಯುವುದಿಲ್ಲ. ಎಲ್ಲವೂ ಹಂಡೆಯ ನೀರಿನಲ್ಲಿ ಮತ್ತು ಜಾಲಿಸಿದ ನೀರಿನಲ್ಲಿ ಹೊರಗೆ ಬರುತ್ತದೆ. ಸುಣ್ಣ, ಪಟಿಕ ಬಣ್ಣದ ಒಂದು ಪಾಲನ್ನು ಮಡ್ಡಿಯಾಗಿ ತಳಕ್ಕೆ ಇಳಿಸಬಲ್ಲವು, ಕರಗಿದ ಉಪ್ಪನ್ನು ಮುಟ್ಟಲಾರವು. ಆ ಸೋಡಿಯಂ ಎರೆಯ ಜೇಡಿಯನ್ನು ಹಿಡಿದರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ, ನೀರು ಇಂಗದೆ, ಒಣಗಿದಾಗ ಕಲ್ಲಿನಂತಾಗುತ್ತದೆ. ಕೃಷ್ಣೆ, ಘಟಪ್ರಭೆಯ ನೀರಾವರಿ ಪ್ರದೇಶದಲ್ಲಿ ಸವುಳು ಜವುಳಾದ ಹೊಲಗಳನ್ನು ಕಂಡ ನಿಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಣ್ಣದ ನೀರು ನೊಯ್ಯಲ್ ನದಿಯನ್ನು ಕೆಡಿಸಿದ್ದರಿಂದ ರೈತರು ನ್ಯಾಯಾಲಯಕ್ಕೆ ಹೋಗಿ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿಯ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು.

ಬಣ್ಣದ ಘಟಕ ನಡೆಸುವವರು 1974ರ ಜಲಮಾಲಿನ್ಯ ಕಾಯ್ದೆಯಂತೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದಿರಬೇಕು. ಪಡೆಯದಿದ್ದರೆ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಬಹುದು. ಅದಕ್ಕೂ ಮೊದಲು ನೆರೆಯವರೊಡನೆ ಕೂತು ಮಾತಾಡುವುದು ಒಳ್ಳೆಯದು, ಏಕೆಂದರೆ ಮನೆಮಟ್ಟದ ಕೆಲಸಕ್ಕೆ ದಾರಿಗಳಿವೆ. ಹಂಡೆಯ ನೀರನ್ನೂ ಮೊದಲ ಜಾಲಿಸಿದ ನೀರನ್ನೂ ಬೇರೆ ಹಿಡಿದರೆ ಉಪ್ಪಿನ ಬಹುಪಾಲು ಅದರಲ್ಲೇ ಇರುತ್ತದೆ. ಆ ನೀರನ್ನು ನೆಲಕ್ಕೆ ಇಂಗದಂತೆ ದಪ್ಪ ಪ್ಲಾಸ್ಟಿಕ್ ಹಾಸಿದ ಆಳವಿಲ್ಲದ ತೊಟ್ಟಿಗೆ ಬಿಟ್ಟು ನಮ್ಮ ಬಿಸಿಲಿಗೆ ಆರಿಸಬಹುದು. ಮಳೆಗಾಲದಲ್ಲಿ ತೊಟ್ಟಿಗೆ ಮೇಲುಹೊದಿಕೆ ಬೇಕು, ಇಲ್ಲವೇ ಆ ತಿಂಗಳುಗಳಲ್ಲಿ ಕೆಲಸ ಕಡಿಮೆ ಮಾಡಬೇಕು. ತಳದಲ್ಲಿ ಉಳಿದ ಮಡ್ಡಿಯನ್ನು ತಿಪ್ಪೆಗೆ ಎಸೆಯದೆ, ಚೀಲದಲ್ಲಿ ಕಟ್ಟಿ ಒಣಗಿದ ಜಾಗದಲ್ಲಿಟ್ಟು, ಮಂಡಳಿ ಹೇಳಿದ ಕಡೆಗೆ ಒಪ್ಪಿಸಬೇಕು.